ಆ ಹುಡುಗಿ ಎಲ್ಲಿದ್ದಾಳೆ? ಕಾರ್ಮೆನ್ ಲೋಮಾಸ್ ಗಾರ್ಸಾ ಬಿಡಿಸಿದ ಮನೆಗಳು

ಒಂದು ಹಿತ್ತಿಲು. ಅಜ್ಜಿ ಕೋಳಿಯ ಕತ್ತು ಹಿಡಿದು ತಿರುವುತ್ತಿದ್ದಾಳೆ. ಅಜ್ಜ ಗೂಡಿನೊಳಗೆ ಹೊಕ್ಕು ಇನ್ನೊಂದು ಕೋಳಿ ಹಿಡಿಯಲು ಒದ್ದಾಡುತ್ತಿದ್ದಾನೆ. ಇದನ್ನೆಲ್ಲ ಕಣ್ಣರಳಿಸಿ ನೋಡುತ್ತಾ ಇಬ್ಬರು ಮಕ್ಕಳು ನಿಂತಿದ್ದಾರೆ. ಚಿಕ್ಕ ಹುಡುಗನ ಕೈಯಲ್ಲಿ ಐಸ್ ಗೋಲಾ ಇದೆ. ಬೆರಗಿನಲ್ಲಿ ಅವನ ಕೈ ವಾಲಿ ಗೋಲಾ ಚೆಲ್ಲುತ್ತಿದೆ. ಪಕ್ಕದಲ್ಲಿ ನೀಲಿ ಫ್ರಾಕ್ ತೊಟ್ಟ ಅಕ್ಕ.

ಈ ಚಿತ್ರದ ಹೆಸರು 'ಪಾರಾ ಲಾ ಸೇನಾ'. ರಾತ್ರಿ ಊಟಕ್ಕಾಗಿ ಎಂದು ಅರ್ಥ. ನೀಲಿ ಫ್ರಾಕಿನ ಆ ಹುಡುಗಿಯೇ ಮುಂದೆ ಈ ಚಿತ್ರ ಬರೆದ ಕಲಾವಿದೆ ಕಾರ್ಮೆನ್ ಲೋಮಾಸ್ ಗಾರ್ಸಾ. ಅಜ್ಜಿ ಮನೆಯಲ್ಲಿ ಕೋಳಿ ಸಾಕುತ್ತಾರೆ ಅಂತ ಅವಳಿಗೆ ಗೊತ್ತಿತ್ತು. ಭಾನುವಾರ ಕೋಳಿ ಸಾರು ಇರುತ್ತದೆ ಅಂತಲೂ ಗೊತ್ತಿತ್ತು. ಆ ಕೋಳಿ ಈ ಸಾರಾಗುವುದು ಹೇಗೆ ಅಂತ ಮಾತ್ರ ಅಂದಿನವರೆಗೂ ಗೊತ್ತಿರಲಿಲ್ಲ.

ಗಾರ್ಸಾ ಅವರ ಚಿತ್ರಗಳನ್ನು ಮೊದಲ ಸಲ ನೋಡಿದವರು ಸಾಮಾನ್ಯವಾಗಿ 'ಎಷ್ಟು ಮುದ್ದಾಗಿದೆ' ಅನ್ನುತ್ತಾರೆ. ಹುಟ್ಟುಹಬ್ಬ, ಕಲ್ಲಂಗಡಿ, ಅಡುಗೆಮನೆ, ಅಜ್ಜ ಅಜ್ಜಿ. ಬಣ್ಣಗಳು ಗಾಢ. ಎಲ್ಲರೂ ಜೊತೆಗಿದ್ದಾರೆ. ಆದರೆ ಇವುಗಳನ್ನು ಚಿಕಾನೊ ಚಳವಳಿಯ ಚಿತ್ರಗಳ ಸಾಲಿನಲ್ಲಿ ಇಡುತ್ತಾರೆ. ಅಂದರೆ ಮೆಕ್ಸಿಕನ್ ಮೂಲದ ಅಮೆರಿಕನ್ನರ ಹಕ್ಕಿನ ಹೋರಾಟದ ಸಾಲಿನಲ್ಲಿ. ತಮಾಲೆ ಎಂಬ ಕಡುಬು ಸುತ್ತುವ ಕುಟುಂಬದ ಚಿತ್ರಕ್ಕೂ ಹೋರಾಟಕ್ಕೂ ಏನು ಸಂಬಂಧ? ಅದನ್ನು ತಿಳಿಯಬೇಕಾದರೆ ಮೊದಲು ಆ ಊರಿಗೆ ಹೋಗಬೇಕು.

ಊರಿನ ಹೆಸರು ಕಿಂಗ್ಸ್‌ವಿಲ್. ಟೆಕ್ಸಾಸ್ ರಾಜ್ಯದ ದಕ್ಷಿಣ ಭಾಗದಲ್ಲಿ, ಮೆಕ್ಸಿಕೊ ಕೊಲ್ಲಿಗೆ ಹತ್ತಿರ ಇದೆ. ಊರಿಗೆ ಅಂಟಿಕೊಂಡೇ ಕಿಂಗ್ ರ‍್ಯಾಂಚ್ ಎಂಬ ದನಗಾವಲು ಜಮೀನಿದೆ. ಅದರ ವಿಸ್ತೀರ್ಣ 8 ಲಕ್ಷ ಎಕರೆಗೂ ಜಾಸ್ತಿ. ಅಮೆರಿಕದ ರೋಡ್ ಐಲೆಂಡ್ ಎಂಬ ರಾಜ್ಯಕ್ಕಿಂತ ಈ ಒಂದು ಜಮೀನು ದೊಡ್ಡದು! ಇಲ್ಲಿ ತಲೆಮಾರುಗಳಿಂದ ದನ ಕಾದವರು, ಕುದುರೆ ಪಳಗಿಸಿದವರು ಬಹುಪಾಲು ಮೆಕ್ಸಿಕನ್ ಮೂಲದವರು.

ಮೆಕ್ಸಿಕನ್ ಅಮೆರಿಕನ್ ಅಂದ ಕೂಡಲೇ ಗಡಿ ದಾಟಿ ಬಂದವರು ಅಂತ ನಮಗೆ ಅನ್ನಿಸುತ್ತದೆ, ಅಲ್ವಾ? ಹಾಗೆ ಬಂದವರು ಬೇಕಾದಷ್ಟು ಜನ ಇದ್ದಾರೆ. ಆದರೆ ದಕ್ಷಿಣ ಟೆಕ್ಸಾಸಿನ ಹಲವು ಕುಟುಂಬಗಳ ಕತೆ ಬೇರೆ. ಈ ನೆಲ ಮೊದಲು ಮೆಕ್ಸಿಕೊ ದೇಶದ್ದೇ ಆಗಿತ್ತು. 1836ರಲ್ಲಿ ಟೆಕ್ಸಾಸ್ ಬೇರೆಯಾಯಿತು. 1845ರಲ್ಲಿ ಅಮೆರಿಕ ಅದನ್ನು ತನ್ನೊಳಗೆ ಸೇರಿಸಿಕೊಂಡಿತು. ಗಡಿ ಯಾವುದು ಎಂಬ ಜಗಳ ಉಳಿಯಿತು. ಮೆಕ್ಸಿಕೊ ನುಯೇಸಿಸ್ ನದಿ ಅನ್ನುತ್ತಿತ್ತು. ಅಮೆರಿಕ ಅದಕ್ಕೂ ದಕ್ಷಿಣದ ರಿಯೊ ಗ್ರಾಂಡೆ ಅನ್ನುತ್ತಿತ್ತು. ಕಿಂಗ್ಸ್‌ವಿಲ್ ಇರುವುದು ಸರಿಯಾಗಿ ಈ ಎರಡು ನದಿಗಳ ನಡುವಿನ ಜಾಗದಲ್ಲಿ. ಯುದ್ಧ ನಡೆಯಿತು. 1848ರಲ್ಲಿ ಗ್ವಾದಲೂಪೆ ಇದಾಲ್ಗೊ ಒಪ್ಪಂದವಾಗಿ, ಮೆಕ್ಸಿಕೊ ತನ್ನ ನೆಲದ ಅರ್ಧದಷ್ಟನ್ನು ಕಳೆದುಕೊಂಡಿತು. ಜನ ಇದ್ದಲ್ಲೇ ಇದ್ದರು. ದೇಶ ಬದಲಾಯಿತು. 'ನಾವು ಗಡಿ ದಾಟಲಿಲ್ಲ, ಗಡಿಯೇ ನಮ್ಮನ್ನು ದಾಟಿತು' ಅನ್ನುವ ಮಾತು ಅವರಲ್ಲಿ ಇವತ್ತಿಗೂ ಇದೆ.

ಆ ಒಪ್ಪಂದವಾಗಿ ಸರಿಯಾಗಿ ನೂರು ವರ್ಷಕ್ಕೆ, 1948ರಲ್ಲಿ, ಕಾರ್ಮೆನ್ ಹುಟ್ಟಿದರು.

ಮನೆಯಲ್ಲಿ ಸ್ಪ್ಯಾನಿಷ್. ಶಾಲೆಯಲ್ಲಿ ಸ್ಪ್ಯಾನಿಷ್ ಆಡಿದರೆ ಶಿಕ್ಷೆ. ಇದು ಯಾರೋ ಒಬ್ಬ ಸಿಡುಕು ಮೇಷ್ಟರ ಕತೆಯಲ್ಲ. 1918ರಲ್ಲಿ ಟೆಕ್ಸಾಸ್ ಒಂದು ಕಾನೂನು ಮಾಡಿತ್ತು. ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಪಾಠ ಮಾಡುವುದೇ ಅಪರಾಧ ಎಂದು ಅದು ಹೇಳುತ್ತಿತ್ತು. 1960ರ ದಶಕದ ಕೊನೆಯವರೆಗೂ ಆ ಕಾನೂನು ಹಾಗೇ ಇತ್ತು. ಮಕ್ಕಳು ಆಟದ ಬಯಲಲ್ಲಿ ತಾಯಿನುಡಿ ಆಡಿದರೂ ಏಟು ತಿನ್ನುತ್ತಿದ್ದರು. ಬುತ್ತಿಯದೂ ಅದೇ ಪಾಡು. ಮನೆಯಿಂದ ತಂದ ತೊರ್ತಿಯಾ ನೋಡಿ ಬೇರೆ ಮಕ್ಕಳು ನಗುತ್ತಿದ್ದರು. ತೊರ್ತಿಯಾ ಅಂದರೆ ನಮ್ಮ ರೊಟ್ಟಿಯಂಥದ್ದು. ಬ್ರೆಡ್ಡಿನ ನಡುವೆ ಏನಾದರೂ ಇಟ್ಟುಕೊಂಡು ತಂದರೆ ಮರ್ಯಾದೆ, ರೊಟ್ಟಿಯಲ್ಲಿ ಸುತ್ತಿ ತಂದರೆ ಅವಮಾನ. ಹೈಸ್ಕೂಲು ಮುಗಿಸುವ ಹೊತ್ತಿಗೆ ತಮ್ಮೊಳಗೆ ಗೊಂದಲ, ಮಂಕು, ಸಿಟ್ಟು ಎಲ್ಲ ತುಂಬಿತ್ತು ಎಂದು ಗಾರ್ಸಾ ಮುಂದೆ ಬರೆದುಕೊಂಡಿದ್ದಾರೆ.

ಮಗುವಿಗೆ ತನ್ನ ಬುತ್ತಿಯ ಬಗ್ಗೆ ನಾಚಿಕೆ ಹುಟ್ಟಿತು ಅಂದರೆ ಅದು ಬುತ್ತಿಗೆ ನಿಲ್ಲುವುದಿಲ್ಲ. ಆ ರೊಟ್ಟಿ ತಟ್ಟಿದ ಅಜ್ಜಿಯ ಬಗ್ಗೆಯೂ ನಾಚಿಕೆ ಶುರುವಾಗುತ್ತದೆ. ಅಜ್ಜಿಯ ಭಾಷೆ, ಅಜ್ಜಿಯ ಮನೆ, ಗೋಡೆಯ ಮೇಲಿನ ದೇವರ ಪಟ, ಎಲ್ಲದಕ್ಕೂ ಅದು ಹಬ್ಬುತ್ತದೆ. ಗಾರ್ಸಾ ಅವರ ಚಿತ್ರಗಳಲ್ಲಿ ಅಡುಗೆಮನೆ ಯಾಕೆ ಅಷ್ಟು ಸಲ ಬರುತ್ತದೆ ಎಂದು ಕೇಳಿದರೆ, ನನ್ನ ಮಟ್ಟಿಗೆ ಉತ್ತರ ಇಲ್ಲೇ ಇದೆ. ಏಟು ಬಿದ್ದದ್ದು ಅಲ್ಲಿಗೆ. ಹಾಗಾಗಿ ಔಷಧಿ ಹಚ್ಚಬೇಕಾದದ್ದೂ ಅಲ್ಲಿಗೇ.

ದೊಡ್ಡವರ ಬದುಕೂ ಹಗುರವಾಗಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಪರವಾಗಿ ಹೋರಾಡಿ ಬಂದ ಮೆಕ್ಸಿಕನ್ ಅಮೆರಿಕನ್ ಸೈನಿಕರಿಗೂ ಊರಲ್ಲಿ ಎರಡನೇ ದರ್ಜೆಯ ಜಾಗವೇ ಸಿಗುತ್ತಿತ್ತು. ಫೀಲಿಕ್ಸ್ ಲೊಂಗೋರಿಯಾ ಎಂಬ ಸೈನಿಕ ಫಿಲಿಪ್ಪೀನ್ಸಿನಲ್ಲಿ ಸತ್ತಿದ್ದ. 1949ರಲ್ಲಿ ಅವನ ದೇಹ ಟೆಕ್ಸಾಸಿಗೆ ಬಂದಾಗ, ಅವನ ಊರಿನಲ್ಲಿ ಅಂತಿಮ ದರ್ಶನಕ್ಕೆ ಪ್ರಾರ್ಥನಾ ಮಂದಿರ ಕೊಡಲಿಲ್ಲ. ಬಿಳಿಯರು ಒಪ್ಪುವುದಿಲ್ಲ ಎಂಬುದು ಕಾರಣ. ಕೊನೆಗೆ ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಗೌರವದಿಂದ ಮಣ್ಣು ಮಾಡಿದರು. ಇದಕ್ಕಾಗಿ ಗಟ್ಟಿಯಾಗಿ ನಿಂತದ್ದು ಅಮೆರಿಕನ್ ಜಿಐ ಫೋರಮ್ ಎಂಬ ಮಾಜಿ ಸೈನಿಕರ ಸಂಘಟನೆ. ಡಾಕ್ಟರ್ ಹೆಕ್ಟರ್ ಗಾರ್ಸಿಯಾ ಎಂಬುವರು ಅದನ್ನು ಕಿಂಗ್ಸ್‌ವಿಲ್‌ಗೆ ಹತ್ತಿರದ ಕಾರ್ಪಸ್ ಕ್ರಿಸ್ಟಿ ನಗರದಲ್ಲಿ ಶುರು ಮಾಡಿದ್ದರು. ಅದೂ 1948ರಲ್ಲೇ. ಕಾರ್ಮೆನ್ ಅವರ ಅಪ್ಪ ಅಮ್ಮ ಈ ಫೋರಮ್ಮಿನ ಕೆಲಸಗಳಲ್ಲಿ ತೊಡಗಿಕೊಂಡಿದ್ದರು. ಹಾಗಾಗಿ ಈ ಮಗಳು ಅವಮಾನವನ್ನೂ ಕಂಡಳು, ಅದಕ್ಕೆ ಎದುರು ನಿಂತವರನ್ನೂ ಮನೆಯಲ್ಲೇ ಕಂಡಳು.

ಚಿತ್ರ ಬರೆಯುವ ಕೈಯನ್ನೂ ಮನೆಯಲ್ಲೇ ನೋಡಿದಳು. ಅಮ್ಮ ಲೊತೇರಿಯಾ ಆಟದ ಹಲಗೆಗಳಿಗೆ ಚಿತ್ರ ಬರೆಯುತ್ತಿದ್ದರು. ಲೊತೇರಿಯಾ ಅಂದರೆ ನಮ್ಮ ತಂಬೋಲದ ಅಣ್ಣ ಅನ್ನಬಹುದು. ಆದರೆ ಅದರಲ್ಲಿ ಅಂಕಿಗಳ ಬದಲು ಚಿತ್ರಗಳಿರುತ್ತವೆ. ಒಟ್ಟು 54 ಚೀಟಿ. ಹುಂಜ, ಚಂದ್ರ, ಮತ್ಸ್ಯಕನ್ಯೆ, ಪಾಪಾಸುಕಳ್ಳಿ ಹೀಗೆ. ಆಡುವವರ ಮುಂದೆ ಹದಿನಾರು ಮನೆಗಳ ಒಂದೊಂದು ಹಲಗೆ ಇರುತ್ತದೆ. ಒಬ್ಬರು ಚೀಟಿ ಎತ್ತಿ, ಒಗಟಿನ ಹಾಗೆ ಕೂಗಿ ಹೇಳುತ್ತಾರೆ. ಹಲಗೆಯಲ್ಲಿ ಆ ಚಿತ್ರ ಇದ್ದವರು ಹುರುಳಿಕಾಯಿಯ ಬೀಜ ಇಟ್ಟು ಗುರುತು ಮಾಡುತ್ತಾರೆ. ಅಮ್ಮ ಶಾಯಿಯಲ್ಲಿ ಗೆರೆ ಎಳೆದು ಜಲವರ್ಣ ತುಂಬುವುದನ್ನು ನೋಡುತ್ತಾ ನೋಡುತ್ತಾ ಮಗಳು ಹದಿಮೂರನೇ ವಯಸ್ಸಿಗೇ ತಾನು ಕಲಾವಿದೆ ಆಗಬೇಕೆಂದು ಗಟ್ಟಿ ಮಾಡಿಕೊಂಡಳು.

ಮುಂದೆ ಕಾಲೇಜಿಗೆ ಹೋದದ್ದು ಕಿಂಗ್ಸ್‌ವಿಲ್ಲಿನಲ್ಲೇ. ಆಗ ಚಿಕಾನೊ ಚಳವಳಿಯ ಕಾವು. 1965ರಲ್ಲಿ ಕ್ಯಾಲಿಫೋರ್ನಿಯಾದ ಡೆಲಾನೊದಲ್ಲಿ ದ್ರಾಕ್ಷಿ ತೋಟದ ಕೂಲಿಗಳ ಮುಷ್ಕರ ಶುರುವಾಗಿತ್ತು. ಅದರ ಮುಂದಾಳುಗಳಾದ ಸೆಸಾರ್ ಚಾವೆಸ್, ದೊಲೊರೆಸ್ ವೆರ್ತಾ ಹೆಸರುಗಳು ಮನೆಮಾತಾಗಿದ್ದವು. 1968ರಲ್ಲಿ ಲಾಸ್ ಏಂಜಲೀಸಿನ ಪೂರ್ವ ಭಾಗದಲ್ಲಿ ಸಾವಿರಾರು ಹೈಸ್ಕೂಲು ಮಕ್ಕಳು ಒಳ್ಳೆಯ ಶಿಕ್ಷಣ ಕೇಳಿ ತರಗತಿಯಿಂದ ಎದ್ದು ಹೊರಬಂದರು. ಚಿಕಾನೊ ಅನ್ನುವ ಪದವನ್ನು ಮೊದಲು ಕೀಳಾಗಿ ಬಳಸುತ್ತಿದ್ದರು. ಯುವಕರು ಅದನ್ನೇ ಎತ್ತಿಕೊಂಡು ಹೆಮ್ಮೆಯ ಹೆಸರು ಮಾಡಿಕೊಂಡರು.

ಆ ಚಳವಳಿಯ ಕಲೆ ಅಂದರೆ ದೊಡ್ಡ ಗೋಡೆಚಿತ್ರಗಳು, ಪೋಸ್ಟರುಗಳು, ಎತ್ತಿದ ಮುಷ್ಟಿ, ಕೃಷಿ ಕೂಲಿಗಳ ಸಂಘದ ಕಪ್ಪು ಹದ್ದು, ಮೆಕ್ಸಿಕೊ ಕ್ರಾಂತಿಯ ನಾಯಕರ ಮುಖ. ಅದಕ್ಕೆ ಅದರದೇ ಬಲ ಇದೆ. ಗಾರ್ಸಾ ಇದೇ ಚಳವಳಿಯಿಂದ ಕಸುವು ಪಡೆದರು, ಆದರೆ ಹಿಡಿದ ದಾರಿ ಬೇರೆ. ತಮ್ಮ ಜನ ನೋಡಿದ ಕೂಡಲೇ 'ಅರೆ, ಇದು ನಮ್ಮ ಮನೆ' ಅನ್ನಬೇಕು. ಗೊತ್ತಿಲ್ಲದವರು ನೋಡಿ ತಿಳಿಯಬೇಕು. ಈ ಎರಡನ್ನೂ ಒಂದೇ ಚಿತ್ರ ಮಾಡಬೇಕು ಎಂಬುದು ಅವರ ಹಟ. ಹಾಗಾಗಿ ನೆನಪಿನಿಂದ ಹಿತ್ತಿಲು, ಜಗಲಿ, ಅಡುಗೆಮನೆಗಳನ್ನು ಬರೆಯತೊಡಗಿದರು. ಮೊದಲು ಲೋಹದ ಹಾಳೆಯಲ್ಲಿ ಕೊರೆದು ಅಚ್ಚು ತೆಗೆಯುವ ಎಚಿಂಗ್ ಮಾಡಿದರು. 1972ರ 'ಲೊತೇರಿಯಾ, ತಾಬ್ಲಾ ಯೇನಾ' ಅಂಥದ್ದು. ಆಮೇಲೆ ಗೊವಾಶ್ ಎಂಬ ದಪ್ಪ ಜಲವರ್ಣ, ಎಣ್ಣೆಬಣ್ಣ.

ಈಗ ಒಂದು ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಲ್ಲೋಣ. 'ತಮಾಲಾದಾ'. ಎಲ್ಲರೂ ಸೇರಿ ತಮಾಲೆ ಮಾಡುವ ದಿನಕ್ಕೆ ಈ ಹೆಸರು.

ತಮಾಲೆ ಎಂದರೇನು ಅಂತ ಕನ್ನಡದವರಿಗೆ ಹೇಳುವುದು ಸುಲಭ. ಹಲಸಿನ ಎಲೆಯ ಕೊಟ್ಟೆ ಕಡುಬು, ಅರಿಶಿನ ಎಲೆಯ ಕಡುಬು ಗೊತ್ತಿದ್ದರೆ ಸಾಕು. ಇಲ್ಲಿ ಎಲೆಯ ಜಾಗದಲ್ಲಿ ಮೆಕ್ಕೆಜೋಳದ ತೆನೆಯ ಒಣಗಿದ ಹೊದಿಕೆ ಇರುತ್ತದೆ. ನಾವು ಮುಸುಕಿನ ಜೋಳ ಅನ್ನುತ್ತೇವಲ್ಲ, ಆ ಮುಸುಕು. ಅದನ್ನು ನೀರಲ್ಲಿ ನೆನೆಸಿ ಮೆತ್ತಗೆ ಮಾಡುತ್ತಾರೆ. ಅದರ ಮೇಲೆ ಮೆಕ್ಕೆಜೋಳದ ಹಿಟ್ಟು ಸವರಿ, ಮಾಂಸದ ಹೂರಣ ಇಟ್ಟು, ಸುತ್ತಿ ಮಡಚಿ ಹಬೆಯಲ್ಲಿ ಬೇಯಿಸುತ್ತಾರೆ. ಆ ಹಿಟ್ಟಿಗೆ ಮಾಸಾ ಅಂತ ಹೆಸರು. ಮಾಸಾ ಮಾಡಲು ಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸಿ ನೆನೆಯಲು ಬಿಡುತ್ತಾರೆ. ಸುಣ್ಣ ಕಾಳಿನ ಗಟ್ಟಿ ಸಿಪ್ಪೆಯನ್ನು ಸಡಿಲ ಮಾಡುತ್ತದೆ. ಜೋಳದೊಳಗೆ ಸಿಕ್ಕಿಕೊಂಡಿರುವ ನಯಾಸಿನ್ ಎಂಬ ವಿಟಮಿನ್ ಆಗ ಮೈಗೆ ದಕ್ಕುತ್ತದೆ. ಸಾವಿರಾರು ವರ್ಷ ಹಿಂದೆ ಆ ನೆಲದ ಮೂಲನಿವಾಸಿಗಳು ಕಂಡುಕೊಂಡ ವಿದ್ಯೆ ಇದು. ಯುರೋಪಿನವರು ಜೋಳ ಒಯ್ದರು, ಸುಣ್ಣ ಮರೆತರು. ಜೋಳವೇ ಊಟವಾಗಿದ್ದ ಬಡವರಿಗೆ ಪೆಲಾಗ್ರಾ ಎಂಬ ಕಾಯಿಲೆ ಬಡಿಯಿತು. ಶಾಲೆಯಲ್ಲಿ ಯಾವ ಊಟ ನೋಡಿ ನಕ್ಕರೋ, ಆ ಊಟದ ಹಿಂದೆ ಇಷ್ಟು ಜಾಣತನ ಇದೆ. ಇದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗಲಿಲ್ಲ.

ಚಿತ್ರಕ್ಕೆ ಬರೋಣ. ಇದು ಅಪ್ಪ ಅಮ್ಮನ ಅಡುಗೆಮನೆ. ನೀಲಿ ಅಂಗಿ, ನೀಲಿ ಓವರಾಲ್ ತೊಟ್ಟ ಅಜ್ಜ ಇದ್ದಾನೆ. ಅವನ ಪಕ್ಕದಲ್ಲಿ ಕಾರ್ಮೆನ್ ಮತ್ತು ತಂಗಿ ಜೋಳದ ಮುಸುಕು ನೆನೆಸುತ್ತಿದ್ದಾರೆ. ಅಮ್ಮ ಹಿಟ್ಟು ಸವರುತ್ತಿದ್ದಾಳೆ. ಅತ್ತೆ ಮಾವ ಹೂರಣ ಇಡುತ್ತಿದ್ದಾರೆ. ಅಜ್ಜಿ ಸುತ್ತಿದವನ್ನು ಬೇಯಲು ಸಾಲಾಗಿ ಜೋಡಿಸುತ್ತಿದ್ದಾಳೆ. ಕೆಲವು ಮನೆಗಳಲ್ಲಿ ಇದು ಹೆಂಗಸರ ಕೆಲಸ ಮಾತ್ರ, ನಮ್ಮ ಮನೆಯಲ್ಲಿ ಎಲ್ಲರದೂ, ಎಂದು ಗಾರ್ಸಾ ಹೇಳುತ್ತಾರೆ.

ಚಿತ್ರದ ಒಳಗೆ ಕಣ್ಣು ಓಡಾಡುವ ಬಗೆ ಗಮನಿಸಿ. ಮಧ್ಯದಲ್ಲಿ ಒಬ್ಬ ನಾಯಕ, ಸುತ್ತ ಉಳಿದವರು ಎಂಬ ಏರ್ಪಾಡು ಇಲ್ಲ. ಬೆಳಕು ಯಾರೊಬ್ಬರ ಮೇಲೂ ಜಾಸ್ತಿ ಬಿದ್ದಿಲ್ಲ. ನೆರಳು ಕಡಿಮೆ. ಹತ್ತಿರದ್ದು ಎಷ್ಟು ಸ್ಪಷ್ಟವೋ ದೂರದ್ದೂ ಅಷ್ಟೇ ಸ್ಪಷ್ಟ. ನೆಲ ಸ್ವಲ್ಪ ನಮ್ಮ ಕಡೆಗೆ ಎದ್ದು ನಿಂತ ಹಾಗಿದೆ. ನಾವು ಬಾಗಿಲ ಮೇಲಿನಿಂದ ಇಣುಕಿ ನೋಡುತ್ತಿರುವ ಹಾಗೆ ಮೇಜಿನ ಮೇಲಿರುವುದೆಲ್ಲ ಕಾಣುತ್ತದೆ. ಹೀಗಿರುವಾಗ ಕಣ್ಣು ಒಬ್ಬರ ಹತ್ತಿರ ನಿಲ್ಲಲಾಗದು. ಒಂದು ಕೈಯಿಂದ ಇನ್ನೊಂದು ಕೈಗೆ ಹೋಗಬೇಕು. ನೆನೆಸುವ ಕೈ, ಸವರುವ ಕೈ, ಮಡಚುವ ಕೈ. ತಮಾಲೆ ಹೇಗೆ ಕೈಯಿಂದ ಕೈಗೆ ಹೋಗುತ್ತದೋ ನಮ್ಮ ನೋಟವೂ ಹಾಗೇ ಹೋಗುತ್ತದೆ. ಕೆಲಸ ಎಲ್ಲರದೂ ಅನ್ನುವುದನ್ನು ಮಾತಿಲ್ಲದೆ ಹೇಳುವ ಬಗೆ ಇದು.

ತಮ್ಮ ಚಿತ್ರಗಳಲ್ಲಿನ ಈ ಪುಟ್ಟ ಆಕೃತಿಗಳನ್ನು ಗಾರ್ಸಾ 'ಮೊನಿತೊಸ್' ಅನ್ನುತ್ತಾರೆ. ಮಕ್ಕಳು ಬರೆಯುವ ಗೊಂಬೆ ಚಿತ್ರಗಳಿಗೆ ನಾವು ಬಳಸುವಂಥ ಪ್ರೀತಿಯ ಪದ. ಈ ಶೈಲಿ ನೋಡಿ ಎಲ್ಲೂ ಕಲಿಯದೆ ತಾನಾಗಿ ಬರೆದದ್ದು ಎಂದುಕೊಳ್ಳುವವರು ಇದ್ದಾರೆ. ಅದು ತಪ್ಪು. ಗಾರ್ಸಾ 1972ರಲ್ಲಿ ಕಲಾ ಶಿಕ್ಷಣದಲ್ಲಿ ಪದವಿ ಪಡೆದರು. ಆಮೇಲೆ ಎರಡು ಸ್ನಾತಕೋತ್ತರ ಪದವಿ. ಅದರಲ್ಲಿ ಒಂದು ಸಾನ್ ಫ್ರಾನ್ಸಿಸ್ಕೊ ಸ್ಟೇಟ್ ವಿಶ್ವವಿದ್ಯಾಲಯದ್ದು. ನೆರಳು ಬೆಳಕು, ದೂರ ಹತ್ತಿರದ ಲೆಕ್ಕ ಎಲ್ಲ ಕಲಿತವರು. ಗೊತ್ತಿದ್ದೂ ಅದನ್ನು ಬದಿಗಿಟ್ಟರು. ಅಜ್ಜಿಯೂ ಮೊಮ್ಮಕ್ಕಳೂ ಸರಾಗವಾಗಿ ಓದಬಲ್ಲ ಚಿತ್ರ ಅವರಿಗೆ ಬೇಕಿತ್ತು.

ಚಿತ್ರದೊಳಗಿನ ವಸ್ತುಗಳ ಆಯ್ಕೆಯೂ ಹಾಗೇ. ಒಂದೂ ಸುಮ್ನೆ ಬಂದಿರುವುದಿಲ್ಲ. 'ಕುರಾಂದೇರಾ' ಚಿತ್ರ ತೆಗೆದುಕೊಳ್ಳಿ. ಪಕ್ಕದ ಮನೆಯ ಹೆಂಗಸು ಜ್ವರದಿಂದ ಮಲಗಿದ್ದಾಳೆ. ಕುರಾಂದೇರಾ ಅಂದರೆ ನಾಟಿ ವೈದ್ಯ ಮಾಡುವ ಹೆಂಗಸು. ಅವಳು ರೂದಾ ಎಂಬ ಗಿಡದ ಕೊಂಬೆಗಳಿಂದ ರೋಗಿಯ ಮೈ ನಿವಾಳಿಸುತ್ತಿದ್ದಾಳೆ. ಮಂಚದ ಬುಡದಲ್ಲಿ ಕಾಫಿ ಡಬ್ಬದೊಳಗೆ ಕೋಪಾಲ್ ಧೂಪ ಹೊಗೆಯಾಡುತ್ತಿದೆ. ಈ ಹೆಂಗಸು ಅಷ್ಟರಲ್ಲಾಗಲೇ ಡಾಕ್ಟರ ಹತ್ತಿರ ಹೋಗಿ ಮಾತ್ರೆ ತೆಗೆದುಕೊಂಡಿದ್ದಾಳೆ ಎಂದು ಗಾರ್ಸಾ ಹೇಳುತ್ತಾರೆ. ಅದೂ ಬೇಕು, ಇದೂ ಬೇಕು. ನಮ್ಮಲ್ಲಿ ಆಸ್ಪತ್ರೆಯಿಂದ ಬಂದ ಮಗುವಿಗೆ ಸಂಜೆ ದೃಷ್ಟಿ ತೆಗೆಯುವ ಅಜ್ಜಿಯರನ್ನು ನೋಡಿದವರಿಗೆ ಇದರಲ್ಲಿ ವಿಚಿತ್ರ ಏನೂ ಕಾಣದು. ನನಗೆ ಹಿಡಿಸಿದ್ದು ಆ ಕಾಫಿ ಡಬ್ಬ. ಧೂಪ ಹಾಕಲು ಚೆಂದದ ಮಣ್ಣಿನ ಪಾತ್ರೆ ಬರೆದಿದ್ದರೆ ಹೊರಗಿನವರಿಗೆ ಇನ್ನೂ ರುಚಿಸುತ್ತಿತ್ತೇನೋ. ಆದರೆ ಆ ಮನೆಯಲ್ಲಿ ಇದ್ದದ್ದು ಡಬ್ಬ.

ಪಾಪಾಸುಕಳ್ಳಿಯ ವಿಷಯವೂ ಹಾಗೇ. ನಮ್ಮ ಬಯಲುಸೀಮೆಯಲ್ಲಿ ಅದು ಬೇಲಿ ಗಿಡ. ಅಮೆರಿಕ ಖಂಡದಿಂದ ಇಲ್ಲಿಗೆ ಬಂದದ್ದು. ಅದರ ತವರಲ್ಲಿ ಅದು ಪಲ್ಯ. ಅಲ್ಲಿನವರು ನೊಪಾಲ್ ಅನ್ನುತ್ತಾರೆ. ವಸಂತ ಶುರುವಾಗುತ್ತಿದ್ದ ಹಾಗೆ ಅಜ್ಜ ಮಕ್ಕಳನ್ನು ಕರೆದುಕೊಂಡು ಕಾಡಿಗೆ ಹೋಗುತ್ತಿದ್ದ. ಎಳೆಯ ಎಲೆಗಳನ್ನು ಕೊಯ್ದು ಪೆಟ್ಟಿಗೆ ತುಂಬುತ್ತಿದ್ದರು. ಪೆಟ್ಟಿಗೆಯ ತಳಕ್ಕೆ ಮೆಸ್ಕೀಟ್ ಮರದ ಸೊಪ್ಪು ಹಾಸುತ್ತಿದ್ದರು. ಮನೆಗೆ ಬಂದು ಅಜ್ಜ ಒಂದೊಂದೇ ಮುಳ್ಳು ಹೆರೆದು ತೆಗೆಯುತ್ತಿದ್ದ. ಅಜ್ಜಿ ಅದನ್ನು ಬೇಯಿಸಿಟ್ಟು, ಮಾರನೇ ದಿನ ಹೆಚ್ಚಿ, ಖಾರದ ಪುಡಿ ಮೊಟ್ಟೆ ಹಾಕಿ ಹುರಿಯುತ್ತಿದ್ದಳು. ಇದೆಲ್ಲ ಚಿತ್ರಗಳಾಗಿವೆ. ಇವನ್ನು ನೋಡುತ್ತಾ ನೊಪಾಲ್ ಪಲ್ಯ ಮಾಡುವುದನ್ನೇ ಕಲಿತುಬಿಡಬಹುದು.

ಇಷ್ಟೆಲ್ಲ ಬರೆದವರು ಬರೆಯದೆ ಬಿಟ್ಟದ್ದು ಏನು ಎಂಬುದೂ ಮುಖ್ಯ. ಈ ಚಿತ್ರಗಳಲ್ಲಿ ಸ್ಕೇಲು ಹಿಡಿದ ಮೇಷ್ಟರಿಲ್ಲ. ರೊಟ್ಟಿ ನೋಡಿ ನಕ್ಕ ಮಕ್ಕಳಿಲ್ಲ. ಒಳಗೆ ಬಿಡದ ಅಂಗಡಿಯವನಿಲ್ಲ. ಹಾಗಂತ ಅವರನ್ನು ಮರೆತಿದ್ದಾರೆ ಎಂದಲ್ಲ. 1986ರ 'ಸಾಂದಿಯಾ' ನೋಡಿದರೆ ಗೊತ್ತಾಗುತ್ತದೆ. ಸಾಂದಿಯಾ ಅಂದರೆ ಕಲ್ಲಂಗಡಿ. ಬೇಸಿಗೆಯ ರಾತ್ರಿ, ಮನೆಯವರೆಲ್ಲ ಮುಂಬಾಗಿಲ ಜಗಲಿಯಲ್ಲಿ ಕೂತು ತಣ್ಣಗಿನ ಕಲ್ಲಂಗಡಿ ತಿನ್ನುತ್ತಿದ್ದಾರೆ. ಜಗಲಿಯ ದೀಪ ಎಷ್ಟು ಪ್ರಖರವಾಗಿತ್ತು ಅಂದರೆ ಬೆಳಕಿನ ಅಂಚಿನಾಚೆಗೆ ಏನೂ ಕಾಣುತ್ತಿರಲಿಲ್ಲ, ನಮ್ಮದೇ ಒಂದು ಪುಟ್ಟ ಲೋಕದಲ್ಲಿ ಇದ್ದ ಹಾಗಿತ್ತು, ಎಂದು ಗಾರ್ಸಾ ನೆನೆಯುತ್ತಾರೆ. ಆಚೆಗೆ ಕತ್ತಲೆ ಇದೆ ಅಂತ ಅಲ್ಲಿ ಕೂತ ದೊಡ್ಡವರಿಗೆ ಚೆನ್ನಾಗಿ ಗೊತ್ತು. ಅಪ್ಪ ಹಣ್ಣು ಕೊಯ್ದು ಒಬ್ಬೊಬ್ಬರಿಗೆ ಒಂದೊಂದು ಹೋಳು ಕೊಡುತ್ತಾನೆ.

ತಮ್ಮ ಕಲೆ ಏನು ಮಾಡುತ್ತದೆ ಎಂಬುದಕ್ಕೆ ಗಾರ್ಸಾ ಕೊಡುವ ಹೋಲಿಕೆ ನಮಗೆ ಬಲು ಹತ್ತಿರದ್ದು. ಲೋಳೆಸರ. ಸುಟ್ಟ ಗಾಯಕ್ಕೆ ಲೋಳೆಸರದ ತಂಪು ರಸ ಹಚ್ಚಿದ ಹಾಗೆ, ಭೇದಭಾವದಿಂದ ಆದ ಗಾಯವನ್ನು ಈ ಚಿತ್ರಗಳು ಮಾಯಿಸಲಿ ಎನ್ನುತ್ತಾರೆ. ಲೋಳೆಸರ ಹಚ್ಚುವವರು ಗಾಯ ಇಲ್ಲ ಅನ್ನುವುದಿಲ್ಲ. ಗಾಯ ಎಲ್ಲಿದೆ ಎಂದು ಸರಿಯಾಗಿ ಗೊತ್ತಿದ್ದವರೇ ಹಚ್ಚಬಲ್ಲರು.

1976ರಲ್ಲಿ ಅವರು ಸಾನ್ ಫ್ರಾನ್ಸಿಸ್ಕೊಗೆ ಹೋದರು. ಅಲ್ಲಿನ ಮಿಷನ್ ಬಡಾವಣೆಯಲ್ಲಿ ಗಲೇರಿಯಾ ದೆ ಲಾ ರಾಸಾ ಎಂಬ ಗ್ಯಾಲರಿ ಇತ್ತು. 1970ರಲ್ಲಿ ಚಿಕಾನೊ ಕಲಾವಿದರೇ ಸೇರಿ ಕಟ್ಟಿದ್ದು. ದೊಡ್ಡ ಮ್ಯೂಸಿಯಂಗಳ ಬಾಗಿಲು ತಮಗೆ ತೆರೆಯದಿದ್ದಾಗ ತಮ್ಮ ಗೋಡೆ ತಾವೇ ಮಾಡಿಕೊಂಡವರು ಅವರು. ಗಾರ್ಸಾ ಅಲ್ಲಿ ಕೆಲವು ವರ್ಷ ಕೆಲಸ ಮಾಡಿದರು. ದೊಡ್ಡ ಬಾಗಿಲುಗಳು ಆಮೇಲೆ ತೆರೆದವು. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಅಮೆರಿಕನ್ ಕಲಾ ಮ್ಯೂಸಿಯಂ ಇವರ ಚಿತ್ರಗಳನ್ನು ಇಟ್ಟುಕೊಂಡಿದೆ. 1990ರಲ್ಲಿ ಬಂದ 'ಫ್ಯಾಮಿಲಿ ಪಿಕ್ಚರ್ಸ್' ಎಂಬ ಮಕ್ಕಳ ಪುಸ್ತಕ ಇವರನ್ನು ಅಮೆರಿಕದ ಶಾಲೆಗಳಿಗೆ ತಲುಪಿಸಿತು. ಒಂದೊಂದು ಪುಟದಲ್ಲಿ ಒಂದೊಂದು ಚಿತ್ರ, ಅದಕ್ಕೆ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ನಾಲ್ಕಾರು ಸಾಲು. ಯಾವ ಭಾಷೆ ಆಡಿದ್ದಕ್ಕೆ ಶಾಲೆಯಲ್ಲಿ ಏಟು ಬೀಳುತ್ತಿತ್ತೋ, ಅದೇ ಭಾಷೆಯನ್ನು ಈ ಪುಸ್ತಕದ ಮೂಲಕ ಮೇಷ್ಟರೇ ತರಗತಿಯಲ್ಲಿ ಗಟ್ಟಿಯಾಗಿ ಓದಿಸುವಂತಾಯಿತು. ಲಾಸ್ ಏಂಜಲೀಸಿನ ಬಾಯ್ಲ್ ಹೈಟ್ಸ್ ಬಡಾವಣೆಯಲ್ಲಿ ಒಂದು ಪ್ರಾಥಮಿಕ ಶಾಲೆಗೆ ಇವರ ಹೆಸರನ್ನೇ ಇಟ್ಟಿದ್ದಾರೆ.

ಇವರ ಇನ್ನೊಂದು ಕೆಲಸ ಪಾಪೆಲ್ ಪಿಕಾದೊ. ತೆಳು ಕಾಗದವನ್ನು ಚಾಕುವಿನಿಂದ ಕತ್ತರಿಸಿ ಚಿತ್ತಾರ ಮಾಡುವ ಮೆಕ್ಸಿಕೊದ ಕಲೆ. ಹಬ್ಬಗಳಲ್ಲಿ ಸಾಲು ತೋರಣದ ಹಾಗೆ ಕಟ್ಟುತ್ತಾರೆ. ಕಾಗದದಿಂದ ಲೋಹಕ್ಕೂ ಇದನ್ನು ಅವರು ಒಯ್ದರು. ಸಾನ್ ಫ್ರಾನ್ಸಿಸ್ಕೊ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ 1999ರ 'ಬೈಲೆ' ಎಂಬ ಇವರ ದೊಡ್ಡ ಕೃತಿ ಇದೆ. ತಾಮ್ರದ ತಗಡನ್ನು ಕಾಗದದ ಹಾಗೆ ಕತ್ತರಿಸಿ ಮಾಡಿದ ಕುಣಿತದ ದೃಶ್ಯ ಅದು. ಬೆಂಗಳೂರಿನಿಂದ ಮಕ್ಕಳ ಮನೆಗೆಂದು ಆ ನಿಲ್ದಾಣಕ್ಕೆ ಹೋಗಿಬರುವ ಅಪ್ಪ ಅಮ್ಮಂದಿರು ಎಷ್ಟೋ ಜನ ಇದ್ದಾರೆ. ಹೋದಾಗ ಹುಡುಕಿ ನೋಡಿ.

ಇಷ್ಟು ಹೇಳಿದ ಮೇಲೆ ನನಗೆ ಎಲ್ಲಕ್ಕಿಂತ ಇಷ್ಟವಾದ ಚಿತ್ರಕ್ಕೆ ಬರುತ್ತೇನೆ. 'ಕಾಮಾಸ್ ಪಾರಾ ಸುವೆನ್ಯೋಸ್', 1985. ಕನಸುಗಳಿಗೆ ಹಾಸಿಗೆ. ಎರಡು ಅಡಿಯಷ್ಟೂ ಎತ್ತರ ಇಲ್ಲದ ಚಿತ್ರ ಅದು. ರಾತ್ರಿ. ಮನೆಯ ಸೂರಿನ ಮೇಲೆ ಇಬ್ಬರು ಹುಡುಗಿಯರು. ಕಾರ್ಮೆನ್ ಮತ್ತು ತಂಗಿ. ಆಕಾಶದಲ್ಲಿ ಚಂದ್ರ. ಇಬ್ಬರೂ ನಕ್ಷತ್ರಗಳ ಬಗ್ಗೆ, ಮುಂದೆ ಏನಾಗಬೇಕು ಎಂಬ ಬಗ್ಗೆ ಮಾತಾಡುತ್ತಿದ್ದಾರೆ. ಕೆಳಗೆ ಬೆಳಕಿರುವ ಕೋಣೆಯೊಳಗೆ ಅಮ್ಮ ಹಾಸಿಗೆ ಹಾಸುತ್ತಿದ್ದಾಳೆ.

ಮೇಲೆ ಕನಸು, ಕೆಳಗೆ ಕೆಲಸ. ಮಕ್ಕಳು ಮೇಲೆ ನೋಡುತ್ತಿದ್ದಾರೆ, ಅಮ್ಮನ ಕಣ್ಣು ಹಾಸಿಗೆಯ ಮೇಲೆ. ಅಮ್ಮ ನಮಗೆ ನಿದ್ದೆಯ ಕನಸಿಗೂ ಹಾಸಿಗೆ ಹಾಸಿದಳು, ನಾಳಿನ ಕನಸಿಗೂ ಹಾಸಿದಳು ಎಂಬ ಅರ್ಥದ ಮಾತನ್ನು ಗಾರ್ಸಾ ಈ ಚಿತ್ರದ ಜೊತೆ ಬರೆದಿದ್ದಾರೆ. ಲೊತೇರಿಯಾ ಹಲಗೆಗೆ ಬಣ್ಣ ತುಂಬುತ್ತಿದ್ದ ಅಮ್ಮ ಇವಳೇ. ಅವಳಿಗೂ ಒಂದು ಸೂರು, ಒಂದು ಚಂದ್ರ ಸಿಕ್ಕಿದ್ದರೆ ಏನೇನು ಬರೆಯುತ್ತಿದ್ದಳೋ. ಈ ಚಿತ್ರ ನೋಡಿದಾಗಲೆಲ್ಲ ನನ್ನ ಕಣ್ಣು ಮೊದಲು ಚಂದ್ರನ ಕಡೆ ಹೋಗಿ, ಆಮೇಲೆ ಕೆಳಗಿಳಿದು ಆ ಕೋಣೆಯಲ್ಲೇ ನಿಂತುಬಿಡುತ್ತದೆ.

ಗಾರ್ಸಾ ಚಿತ್ರಗಳನ್ನು ನೋಡುವಾಗ ನಾನು ಮಾಡುವ ಒಂದು ಕೆಲಸ ಇದೆ. ಅದನ್ನು ನೀವೂ ಮಾಡಬಹುದು. ಚಿತ್ರದಲ್ಲಿ ಆ ಹುಡುಗಿ ಎಲ್ಲಿದ್ದಾಳೆ ಎಂದು ಹುಡುಕುವುದು. ಹುಟ್ಟುಹಬ್ಬದ ಚಿತ್ರದಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಮಿಠಾಯಿ ತುಂಬಿ ತೂಗುಹಾಕಿದ ಪಿನ್ಯಾತಾಗೆ ಕೋಲು ಬೀಸುತ್ತಿರುವವಳು ಅವಳು. ಅಪ್ಪ ಹಗ್ಗ ಎಳೆದು ಪಿನ್ಯಾತಾವನ್ನು ಮೇಲೆ ಕೆಳಗೆ ಆಡಿಸುತ್ತಿದ್ದಾನೆ. ಎಲ್ಲ ಮಕ್ಕಳಿಗೂ ಒಂದು ಏಟಾದರೂ ಸಿಗಲಿ ಎಂದು. ಅಜ್ಜ ಮೊಲ ಹಿಡಿದು ಅಡುಗೆಮನೆಗೆ ಬರುವ 'ಕೊನೆಹೊ' ಚಿತ್ರದಲ್ಲಿ ತಮ್ಮ ಬೆಂಚಿನ ಮೇಲಿದ್ದಾನೆ, ತಂಗಿ ನೆಲದ ಮೇಲೆ ಆಡುತ್ತಿದ್ದಾಳೆ. ಅವಳು ಮಾತ್ರ ಪಕ್ಕದ ಕೋಣೆಯಿಂದ ನೋಡುತ್ತಿದ್ದಾಳೆ.

ಇನ್ನು 1987ರ 'ಕೇಕ್‌ವಾಕ್'. ಬೀದಿಯಲ್ಲಿ ಒಂದು ಆಟ. ನೆಲದ ಮೇಲೆ ಸುತ್ತಲೂ ಅಂಕಿಗಳು. 25 ಸೆಂಟು ಕೊಟ್ಟು ಒಂದು ಅಂಕಿಯ ಮೇಲೆ ನಿಲ್ಲಬೇಕು. ಹಾಡು ಶುರುವಾದರೆ ಸುತ್ತು ಹಾಕಬೇಕು. ಹಾಡು ನಿಂತಾಗ ಕಾಲ ಕೆಳಗಿರುವುದೇ ನಿಮ್ಮ ಅಂಕಿ. ಡಬ್ಬದಿಂದ ಎತ್ತಿದ ಚೀಟಿಯಲ್ಲಿ ಅದೇ ಅಂಕಿ ಬಂದರೆ ಒಂದು ಕೇಕು ನಿಮಗೆ. ಕೂಡಿದ ದುಡ್ಡು ಮೆಕ್ಸಿಕನ್ ಅಮೆರಿಕನ್ ಮಕ್ಕಳನ್ನು ವಿಶ್ವವಿದ್ಯಾಲಯಕ್ಕೆ ಕಳಿಸಲು. ಸುತ್ತಿನ ನಡುವೆ ಗುಲಾಬಿ ಕಪ್ಪು ಬಣ್ಣದ ಉಡುಪಿನಲ್ಲಿ ಅಮ್ಮ ನಿಂತಿದ್ದಾಳೆ. ಅಪ್ಪ ಬಂದವರಿಗೆ ಶರಬತ್ತು ಹಂಚುತ್ತಿದ್ದಾನೆ. ಊರಿಗೆ ಊರೇ ನಾಣ್ಯ ಕೂಡಿಸುತ್ತಾ ಸುತ್ತು ಹೊಡೆಯುತ್ತಿದೆ.

ಹುಡುಗಿ ಆ ಸುತ್ತಿನಲ್ಲಿ ಇಲ್ಲ. ಅಂಗಡಿಯ ಮುಂದೆ, ಕಾಲುದಾರಿಯ ಮೇಲೆ, ಕಡ್ಡಿ ಹಿಡಿದು ಏನನ್ನೋ ಗೀಚುತ್ತಿದ್ದಾಳೆ.